ಬಾಗಿಲಲ್ಲಿ ಬಿಚ್ಚಿಟ್ಟ ಬೂಟು

ಹೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿ ಆತ್ರೇಯನನ್ನು ಅವನ ಮನೆಯ ಹಾಲ್‌ನಲ್ಲೇ ಗುಂಡಿಟ್ಟು ಕೊಂದರು. ಕೊಲೆ ಆರೋಪ ಹೊರಿಸಿ ಅವನ ಹೆಂಡತಿ ಸುಪ್ರಜಾಳನ್ನು ಜೈಲಿಗೆ ಹಾಕಿದರು.

ಈಗ ಅದೇ ಪಿಸ್ತೂಲು ನನ್ನ ಎದೆಗೆ!

ಡಲ್ಲಾಸ್ ಹತ್ತಿರದ ಲೂಯಿಸ್‌ವಿಲ್‌ನ ಕೆರೆ ಪಕ್ಕದ ಅಪಾರ್ಟ್‌ಮೆಂಟ್. 2014ರ ಆಗಸ್ಟ್, ಮಟಮಟ ಮಧ್ಯಾಹ್ನ. ಪಿಸ್ತೂಲು ಹಿಡಿದವನು ವೈಕ್ಕೊ, ಫಿನ್ಲೆಂಡಿನ ಬಾಡಿಗೆ ಕೊಲೆಗಾರ. ನರೆತ ಗಡ್ಡ. ನಿದ್ದೆಗೆಟ್ಟ ಕಣ್ಣು.

ನಾನು ಬಸಲಿಂಗಪ್ಪ. ಧಾರವಾಡದವನು. ಡಲ್ಲಾಸ್‌ನಲ್ಲಿ ಪ್ರೈವೇಟ್ ಡಿಟೆಕ್ಟಿವ್. ಕಾಲಲ್ಲಿ ಬರೀ ಸಾಕ್ಸ್!

ನಗಬೇಡಿ. ಇಡೀ ಕೇಸು ನಿಂತಿದ್ದೇ ಅದರ ಮೇಲೆ. ಕೊಲೆಯ ದಿನ ಜೋರು ಮಳೆ. ಹೊರಗೆಲ್ಲ ಕೆಸರು, ಒಳಗಿನ ಕಾರ್ಪೆಟ್ ಮೇಲೆ ಒಂದು ಹೆಜ್ಜೆ ಗುರುತೂ ಇಲ್ಲ.

'ಕೊಲ್ಲಲು ಬಂದವನು ಬೂಟು ಬಿಚ್ಚುತ್ತಾನಾ? ಮನೆಯವಳೇ ಮಾಡಿದ್ದು' ಎಂದರು ಪೊಲೀಸರು.

ಹೂಸ್ಟನ್‌ನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಆಸ್ಟಿನ್‌ನ ಒಂದು ಬಾರಿನವ ಬಿಚ್ಚಿದ. "ವೈಕ್ಕೊ ಅಂತ ಒಬ್ಬ ಇದ್ದಾನೆ. ಯಾರ ಮನೆಗೆ ಹೋದ್ರೂ ಬಾಗಿಲಲ್ಲೇ ಬೂಟು ಬಿಚ್ತಾನೆ. ಅವರ ದೇಶದಲ್ಲಿ ಹಾಗಂತೆ!"

ಸಾಕಿತ್ತು. ಹುಡುಕಿಕೊಂಡು ಇಲ್ಲಿಗೆ ಬಂದೆ. ಕೆಳಗೆ ಪಾರ್ಕಿಂಗ್‌ನಿಂದ ಒಬ್ಬನಿಗೆ ಮಾತ್ರ ಫೋನ್ ಮಾಡಿದ್ದೆ. ಶ್ಯಾಮಸುಂದರನಿಗೆ. ಆತ್ರೇಯನ ಬಾಸ್. ನನ್ನ ಫೀಸು ಕೊಡುತ್ತಿದ್ದವನೂ ಅವನೇ. ಕನ್ನಡದವರೆಲ್ಲರ ಎದುರು ಸುಪ್ರಜಾಳ ಪರ ನಿಂತ ದೊಡ್ಡ ಮನುಷ್ಯ!

ಮೇಲೆ ಬಂದೆ. ಬಾಗಿಲು ಅರ್ಧ ತೆರೆದಿತ್ತು. ಪಕ್ಕದಲ್ಲಿ ಒಂದು ಜೊತೆ ಬೂಟು. ಅಭ್ಯಾಸ ನೋಡಿ... ನಾನೂ ಬಿಚ್ಚಿದೆ. ಬಗ್ಗಿದವನು ಏಳುವಷ್ಟರಲ್ಲಿ ಪಿಸ್ತೂಲು!

"ನಾನು ಬರ್ತೀನಿ ಅಂತ ಹೇಳಿದ್ದು ಶ್ಯಾಮಸುಂದರನಾ?"

"ಹೂಂ."

"ಆತ್ರೇಯನನ್ನ ಕೊಲ್ಲಿಸಿದ್ದೂ..."

"ಅವನೇ."

ಆತ್ರೇಯನ ಜೊತೆ ಕೆಲಸ ಮಾಡುವವರು ಅರೆಬರೆ ಹೇಳಿದ್ದೆಲ್ಲ ಕೂಡಿಕೊಂಡು ಕಾರಣ ಈಗ ಹೊಳೆಯಿತು. ತನ್ನ ಕಂಪನಿಯ ಎಂಜಿನಿಯರುಗಳ ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು ಶ್ಯಾಮಸುಂದರ ಹಗಲಿರುಳು ದುಡಿಸುತ್ತಿದ್ದ. ಅದನ್ನು ಕೋರ್ಟಿನಲ್ಲಿ ಹೇಳಲು ಆತ್ರೇಯ ಹೊರಟಿದ್ದ. ಜೀತಕ್ಕೆ ಈಗ ಎಸಿ ಬಂದಿದೆ, ಅಷ್ಟೆ.

ವೈಕ್ಕೊ ಕುರ್ಚಿಯಲ್ಲಿ ಕುಸಿದ. ಪಿಸ್ತೂಲು ಮಾತ್ರ ಕದಲಲಿಲ್ಲ.

"ಹೆಲ್ಸಿಂಕಿಯಲ್ಲಿ ಶುರು ಮಾಡಿದೆ. ಆಮೇಲೆ ಟ್ಯಾಲಿನ್, ಸ್ಟಾಕ್‌ಹೋಮ್... ಕೊಂದವರ ಮುಖ ಒಂದೂ ನೆನಪಿಲ್ಲ. ನಿನ್ನ ಆತ್ರೇಯನ ಮನೆ ಬಾಗಿಲಲ್ಲಿ ಬೂಟು ಬಿಚ್ಚಿದೆ. ಅವನು ನಕ್ಕ. 'ನಮ್ಮಲ್ಲೂ ಹೀಗೇನೇ' ಅಂದ. ಕಾಫಿ ಕೊಡಲಾ ಅಂತ ಕೇಳಿದ. ಆ ಮುಖ ಹೋಗ್ತಿಲ್ಲ."

ಫೋನ್ ಬಡಿದುಕೊಂಡಿತು. ವೈಕ್ಕೊ ಸ್ಪೀಕರ್ ಒತ್ತಿದ.

"ಬಂದನಾ?" ಶ್ಯಾಮಸುಂದರನ ದನಿ!

ನಾನೇ ಉತ್ತರಿಸಿದೆ. "ಬಂದೇನ್ರಿ ಸಾಹೇಬ್ರ. ನನ್ನ ಮಣ್ಣಿನ ಖರ್ಚೂ ನಿಮ್ಮದಽ ಏನ್ರಿ?"

"ಬಸಲಿಂಗಪ್ಪ, ಕೆಲಸ ಚೆನ್ನಾಗಿ ಮಾಡಿದ್ರಿ. ಬೇಕಾದ್ದಕ್ಕಿಂತ ಚೆನ್ನಾಗಿ..." ಆಮೇಲೆ ಇಂಗ್ಲಿಷಿನಲ್ಲಿ, "ವೈಕ್ಕೊ, ಮುಗಿಸು."

ಟ್ರಿಗರ್ ಮೇಲೆ ಬೆರಳು. ನಾನು ಸತ್ತರೆ ಸುಪ್ರಜಾಳ ಜೈಲಿನ ಬಾಗಿಲು ಇನ್ನು ತೆರೆಯುವುದಿಲ್ಲ. ನನಗೂ ಸುಸ್ತಾಗಿತ್ತು. ಕಣ್ಣು ಮುಚ್ಚಲಿಲ್ಲ.

ವೈಕ್ಕೊ ನನ್ನ ಕಾಲು ನೋಡಿದ. ಸಾಕ್ಸಿನ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಪಿಸ್ತೂಲನ್ನು ತೊಡೆಯ ಮೇಲಿಟ್ಟುಕೊಂಡ.

"ಆಗಲ್ಲ."

"ಏನಂದೆ?"

"ಇವನೂ ಬೂಟು ಬಿಚ್ಚಿದ್ದಾನೆ. ನೀನೇ ಬಾ... ನೀನು ಬಿಚ್ಚೋದೇನೂ ಬೇಡ!"