ಹದಿನೇಳು ಪಾಯಿಂಟ್ ಎಂಟು ಸೆಕೆಂಡು

ಕಾರು ಅವಳಿಂದ ಎರಡು ಗೇಣು ದೂರದಲ್ಲಿ ನಿಂತಿತು.

ಭಾನುಪ್ರಿಯಾ ಕೈ ಚಾಚಿದವಳು ಚಾಚಿದಂತೆಯೇ ರಸ್ತೆಯ ನಡುವೆ ನಿಂತಿದ್ದಳು. ಟೈರು ಉಜ್ಜಿದ ವಾಸನೆ ಮೂಗಿಗೆ ಹೊಡೆಯಿತು. ಪಕ್ಕಕ್ಕೆ ಹಾರಬೇಕಿತ್ತು... ಆದರೆ ಹಾರುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಬಾಗಿಲು ತೆರೆದು ಇಳಿದವನ ಅಂಗಿಯ ತುಂಬ ಗ್ರೀಸ್ ಕಲೆ. 

“ಸಾಯಕ್ಕ ನನ್ ಕಾರೇ ಬೇಕಿತ್ತಾ ನಿಮ್ಗ?”

“ಸಾಯಕ್ಕ ನಿಂತಿಲ್ಲ. ನಮ್ಮವ್ವನ ಉಳಿಸ್ಕಳಕ್ಕ ನಿಂತಿವ್ನಿ.”

ಅವನು ಆಗ ನೋಡಿದ. ತಿಗನಾರೆಯ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಒಬ್ಬ ಹೆಂಗಸು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕುಳಿತಿದ್ದಳು. ಕಾಲುಗಳು ಊದಿದ್ದವು. ಬಸ್ಸು ಕೆಟ್ಟು ತಾಳವಾಡಿಯಲ್ಲೇ ನಿಂತಿತ್ತು. ಏಳೂವರೆಗೆ ಸತ್ಯಮಂಗಲದ ಆಸ್ಪತ್ರೆಯಲ್ಲಿ ಅವ್ವ ಗುರುಲಿಂಗಮ್ಮನ ಡಯಾಲಿಸಿಸ್. ತಪ್ಪಿದರೆ ಆ ಹಾಸಿಗೆ ಬೇರೊಬ್ಬರಿಗೆ.

ಅವನು ಕಾರಿನತ್ತ ತಿರುಗಿದ. ಹಿಂದಿನ ಬಾಗಿಲು ತೆರೆದು, ಸೀಟಿನ ಮೇಲಿದ್ದ ಸ್ಪ್ಯಾನರುಗಳನ್ನು ಡಿಕ್ಕಿಗೆ ಹಾಕಿದ.

ಗುರುಲಿಂಗಮ್ಮ ಹತ್ತುವ ಮುನ್ನ ಸೊಂಟದ ಚೀಲದಿಂದ ವಿಭೂತಿ ತೆಗೆದು ಬಾನೆಟ್ ಮೇಲೆ ಮೂರು ಬೆರಳು ಎಳೆದಳು. ಬಸ್ಸಾದರೂ ಜೀಪಾದರೂ ತಾನು ಹತ್ತುವ ಗಾಡಿಗೆ ಅದಿಲ್ಲದೆ ಅವಳು ಹತ್ತಿದ್ದೇ ಇಲ್ಲ.

ತಾಳಮಲೆಯ ಕಾಡು ಕಳೆದು ದಿಂಬದ ಘಾಟಿ ಇಳಿಯುವಾಗ ಭಾನು ಒಂದನ್ನು ಗಮನಿಸಿದಳು. ನೇರ ರಸ್ತೆಯಲ್ಲಿ ಹುಚ್ಚನ ಹಾಗೆ ಬಂದವನು ಇಪ್ಪತ್ತೇಳು ತಿರುವುಗಳನ್ನೂ ಸಣ್ಣ ಗೇರಿನಲ್ಲಿ, ತುಂಬಿದ ಕೊಡ ಹೊತ್ತವನಂತೆ ಇಳಿಸಿದ. ಬ್ರೇಕನ್ನು ಮಾತ್ರ ಪ್ರತಿಸಲ ಎರಡೆರಡು ಬಾರಿ ತುಳಿಯುತ್ತಿದ್ದ.

ಈ ಬ್ರೇಕ್ ಇಟ್ಟುಕೊಂಡು ಅಷ್ಟು ಜೋರಾಗಿ ಯಾಕೆ ಓಡಿಸುತ್ತಿದ್ದಿರಿ ಎಂದು ಅವಳು ಕೇಳಿಯೇಬಿಟ್ಟಳು. ರೇಸಿಗೆ ತಯಾರು ಮಾಡುತ್ತಿದ್ದೇನೆ ಎಂದ. ಕೊಯಮತ್ತೂರಿನ ಆಚೆ ಒಂದು ಹಳೆಯ ವಿಮಾನಪಟ್ಟಿಯಲ್ಲಿ ನಾನೂರ ಎರಡು ಮೀಟರು ನೇರ ಓಟ. ಹದಿನಾಲ್ಕು ಸೆಕೆಂಡಿನಲ್ಲಿ ಮುಗಿಸುತ್ತೇನೆಂದು ತಾಳವಾಡಿ ಪೇಟೆಗೆಲ್ಲ ಹೇಳಿಕೊಂಡಿದ್ದ.

“ಈಗ ಎಷ್ಟು ಸೆಕೆಂಡಲ್ಲಿ ಓಡ್ತದ?”

ಕನ್ನಡಿಯಲ್ಲಿ ಅವನ ಕಣ್ಣು ಅವಳ ಕಡೆ ಬಂದು ಹೋಯಿತು.

“ಅದು... ಅಳ್ದಿಲ್ಲ.”

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಅಳೆಯದೆ ಆಡುವ ಮಾತನ್ನು ಅವಳು ಸಾಕಷ್ಟು ಕೇಳಿದ್ದಳು.

*

ಎರಡು ವರ್ಷದ ಹಿಂದೆ ಅವಳಿಗೆ ಮದುವೆ ಗೊತ್ತಾಗಿತ್ತು. ನಿಮ್ಮವ್ವ ನನಗೂ ಅವ್ವನೇ, ಸಾಯುವವರೆಗೆ ನೋಡಿಕೊಳ್ಳುತ್ತೇನೆ ಎಂದಿದ್ದ ಆ ಹುಡುಗ. ವಾರಕ್ಕೆ ಎರಡು ಸಲ ಘಾಟಿ ಇಳಿದು ಹತ್ತಬೇಕೆಂದು ತಿಳಿದ ಎರಡೇ ತಿಂಗಳಿಗೆ ಅವನ ಫೋನು ನಿಂತುಹೋಯಿತು.

ಅಂದಿನಿಂದ ಭಾನು ಯಾರನ್ನೂ ನೆಚ್ಚುತ್ತಿರಲಿಲ್ಲ. ಭೌತಶಾಸ್ತ್ರ ಓದಿದವಳು ಮನೆಯ ಜಗಲಿಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಐದಕ್ಕೆ ಹೊರಡಬೇಕಾದರೆ ಹದಿನೈದು ನಿಮಿಷ ಮೊದಲೇ ಬಾಗಿಲಿಗೆ ಬೀಗ ಹಾಕಿರುತ್ತಿದ್ದಳು. ಮಲಗಿದರೂ ಒಂದು ಕಿವಿ ಅವ್ವನ ಉಸಿರಿನ ಕಡೆಗೆ.

ಡಯಾಲಿಸಿಸ್ಸಿನ ಮುಂದಿನ ಸರದಿ ಶುಕ್ರವಾರ. ಅಂದು ಬೆಳಗ್ಗೆ ಅದೇ ಬಿಳಿ ಕಾರು ಮನೆಯ ಮುಂದೆ ನಿಂತಿತ್ತು. ಅವನ ಹೆಸರು ಷಡಕ್ಷರಿ, ಊರು ಜೀರಹಳ್ಳಿ, ತಾಳವಾಡಿಯಲ್ಲಿ ಮೆಕ್ಯಾನಿಕ್ ಶೆಡ್ಡು. ಬ್ರೇಕ್ ಸರಿಮಾಡಿದ್ದೇನೆ, ನೋಡಿ ಹೇಳಿ ಎಂದ. ಸತ್ಯಮಂಗಲದ ತನಕ ನೋಡಬೇಕಾಯಿತು.

ಹೀಗೆ ಮಂಗಳವಾರ, ಶುಕ್ರವಾರ ಎಂದು ಹತ್ತು ವಾರ. ಅವ್ವ ಒಳಗೆ ಯಂತ್ರಕ್ಕೆ ಅಂಟಿಕೊಂಡಿರುವ ನಾಲ್ಕು ಗಂಟೆ ಅವರಿಬ್ಬರೂ ಆಸ್ಪತ್ರೆಯ ಬೇವಿನ ಮರದ ಕೆಳಗೆ ಮೊಸರನ್ನ ತಿಂದು, ಮಾತಾಡುತ್ತ ಕೂರುತ್ತಿದ್ದರು. ಹತ್ತು ವರ್ಷದಿಂದ ಹಾಲಿನ ವ್ಯಾನು, ಕೋಸಿನ ಗಾಡಿ ರಿಪೇರಿ ಮಾಡಿ ಸಾಕಾಗಿದೆ ಎಂದ ಒಂದು ದಿನ. ಒಂದೇ ಒಂದು ಸಲ ತಾನು ಕಟ್ಟಿದ್ದನ್ನು ನಾಲ್ಕು ಜನ ತಿರುಗಿ ನೋಡಬೇಕು, ಅಷ್ಟೇ.

ಅವನ ಆಸೆ ಅವಳಿಗೆ ಅರ್ಥವಾಯಿತು. ಆ ಸಂಖ್ಯೆ ಮಾತ್ರ ಸರಿ ಕಾಣಲಿಲ್ಲ.

ರೇಸಿನವರು ಅಭ್ಯಾಸಕ್ಕೆಂದು ವಿಮಾನಪಟ್ಟಿ ಬಿಟ್ಟುಕೊಟ್ಟ ದಿನ, ಮೊದಲು ಇದ್ದ ಹಾಗೇ ಓಡಿಸಿ ಬನ್ನಿ ಎಂದು ಕಳಿಸಿದಳು. ಹದಿನೆಂಟು ಪಾಯಿಂಟ್ ಒಂಬತ್ತು ಬಂತು. ಅವನ ಮುಖ ಬಾಡಿತು. ಅವಳು ನೋಟ್ ಪುಸ್ತಕ ತೆರೆದು ಲೆಕ್ಕ ಹಾಕಿದಳು. ಹದಿನಾಲ್ಕು ಬೇಕಾದರೆ ಎಂಜಿನ್ನಿನ ಶಕ್ತಿ ಎರಡೂವರೆ ಪಟ್ಟು ಆಗಬೇಕು. ಅಷ್ಟನ್ನು ಈ ಗೇರ್‌ಬಾಕ್ಸ್ ತಡೆಯುವುದಿಲ್ಲ. ಅದನ್ನು ಬದಲಿಸಿದರೆ ಕ್ಲಚ್, ಅದರ ಹಿಂದೆ ಆಕ್ಸಲ್. ಎಲ್ಲ ಮುಗಿದ ಮೇಲೆ ಅದು ಘಾಟಿ ಹತ್ತುವ ಕಾರಾಗಿ ಉಳಿಯುವುದಿಲ್ಲ.

“ಅಂಗಾದ್ರ ಎಷ್ಟು ಸಾಧ್ಯ, ಟೀಚರ್?”

ಒಳ್ಳೆಯ ಟೈರು, ಹೊಸ ಕ್ಲಚ್ಚು, ಸರಿಯಾದ ಟ್ಯೂನಿಂಗು. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಸಲ ಅಳತೆ. ಬಿಚ್ಚಬಹುದಾದ ಭಾರವನ್ನೆಲ್ಲ ಕೋಸಿನ ಮಂಡಿಯ ತಕ್ಕಡಿಯಲ್ಲಿ ತೂಗಿದರು. ಸ್ಟೆಪ್ನಿ, ಜಾಕಿ, ಮುಂದಿನ ಎಡ ಸೀಟು ರೇಸಿನ ದಿನಕ್ಕೆ ಮಾತ್ರ ಹೊರಗೆ. ಹಿಂದಿನ ಸೀಟು ಹದಿನೆಂಟು ಕಿಲೋ ಬಂತು. ಅದನ್ನು ಬಿಚ್ಚುವವುಗಳ ಪಟ್ಟಿಯಿಂದ ಅವನೇ ಹೊಡೆದುಹಾಕಿದ.

“ಅದು ದೊಡ್ಡವ್ವನ ಜಾಗ,” ಎಂದ. ಗುರುಲಿಂಗಮ್ಮನನ್ನು ಅವನು ಕರೆಯುತ್ತಿದ್ದದ್ದೇ ಹಾಗೆ.

ಆ ಮಾತು ಹೇಳಿ ಅವನು ಸ್ಪ್ಯಾನರು ಹುಡುಕುತ್ತ ಆಚೆ ಹೋದ. ಭಾನು ತಕ್ಕಡಿಯ ಪಕ್ಕದಲ್ಲೇ ನಿಂತುಬಿಟ್ಟಳು. ‘ಬೇಡ ಭಾನು... ಇಷ್ಟಕ್ಕೆಲ್ಲ ಕರಗಬೇಡ.’

ಶೆಡ್ಡಿನ ಗೋಡೆಯಲ್ಲಿ ಅವನು ಬರೆದುಕೊಂಡಿದ್ದ ಹದಿನಾಲ್ಕನ್ನು ಅವನೇ ಒರೆಸಿದ. ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟ. ತನ್ನ ಲೆಕ್ಕಕ್ಕೆ ಸಿಕ್ಕ 17.8 ಅನ್ನು ಅವಳು ಬರೆದಳು. ಅದರ ಕೆಳಗೆ ಇನ್ನೊಂದು ಸಾಲು: ಮಂಗಳವಾರ ಬೆಳಗ್ಗೆ ಕಾರು ಆಸ್ಪತ್ರೆಗೆ ಹೊರಡಬೇಕು.

*

ರೇಸು ಭಾನುವಾರ ಇತ್ತು. ಅದರ ಹಿಂದಿನ ಶುಕ್ರವಾರ ಕಾರು ಬರಲಿಲ್ಲ.

ಎಂದಿನಂತೆ ಮುಂಚೆಯೇ ಬೀಗ ಹಾಕಿದ ಭಾನು, ಕಾರು ಕಾಣದಿದ್ದಾಗ ಬಸ್ಸಾದರೂ ಸಿಗಲೆಂದು ಅವ್ವನನ್ನು ರಸ್ತೆಯ ತನಕ ನಡೆಸಿಕೊಂಡು ಬಂದಿದ್ದಳು. ಐದಾಯಿತು, ಐದೂಕಾಲಾಯಿತು. ಫೋನು ಸಿಗಲಿಲ್ಲ. ಕೊನೆಗೆ ಬಸ್ಸು ಬಂತು. ಕೂರಲು ಜಾಗವಿರಲಿಲ್ಲ. ಘಾಟಿಯ ಅಷ್ಟೂ ತಿರುವು ಗುರುಲಿಂಗಮ್ಮ ಬಸ್ಸಿನ ನೆಲದ ಮೇಲೆ ಮಗಳ ಮೊಣಕಾಲು ಹಿಡಿದು ಕುಳಿತಿದ್ದಳು.

ಮಧ್ಯಾಹ್ನ ಹಿಂದಿರುಗುವಾಗ ಮಾತ್ರೆ ಕೊಳ್ಳಲು ತಾಳವಾಡಿಯ ತನಕ ಹೋಗಬೇಕಾಯಿತು. ಅವ್ವನನ್ನು ಟೀ ಅಂಗಡಿಯ ಬೆಂಚಿನ ಮೇಲೆ ಕೂರಿಸಿ ಅವಳು ಶೆಡ್ಡಿಗೆ ಹೋದಳು.

ಒಳಗೆ ಯಾರೂ ಇರಲಿಲ್ಲ. ಕಾರಿನ ಬಾನೆಟ್ ತೆರೆದಿತ್ತು. ಹಿಂದಿನ ಸೀಟು ಗೋಡೆಗೆ ಒರಗಿಸಿತ್ತು. ಗೋಡೆಯ ಮೇಲಿದ್ದ ಅವಳ ಎರಡೂ ಸಾಲು ಅಳಿಸಿಹೋಗಿದ್ದವು. ಆ ಜಾಗದಲ್ಲಿ ದೊಡ್ಡದಾಗಿ, ಅವನ ಅಕ್ಷರದಲ್ಲಿ: 14.

ಅವಳು ಅಳಲಿಲ್ಲ. ಅಳುವುದಕ್ಕೂ ಶಕ್ತಿ ಬೇಕು.

‘ಇವನೂ ಅಷ್ಟೇ...’

ಸೀಮೆಸುಣ್ಣ ಹುಡುಕಿ ಅದರ ಕೆಳಗೆ ‘ಇನ್ನು ಬರಬೇಡಿ’ ಎಂದು ಬರೆದಳು. ಬಸ್ಸಿನಲ್ಲಿ ಅವನ ನಂಬರನ್ನು ಬ್ಲಾಕ್ ಮಾಡಿದಳು.

ಭಾನುವಾರ ಮಧ್ಯಾಹ್ನ, ಅವಳು ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದಾಗ, ಮಲಗಿದ್ದ ಅವ್ವ ಇದ್ದಕ್ಕಿದ್ದಂತೆ ಮಾತಾಡಿದಳು.

“ಕೂಸೇ... ಮೊನ್ನ ಜೀಪು ಬರ‍್ನೇ ಇಲ್ವಾ?”

“ಯಾವ ಜೀಪು?”

“ಅದೇ ಕನ, ಚಿಕ್ಕಮಾದನ ಜೀಪು. ಸುಕ್ರಾರ ಕಾರು ಬಿಚ್ಚಿರ‍್ತೀನಿ, ಜೀಪು ಕಳಿಸ್ತೀನಿ ದೊಡ್ಡವ್ವ ಅಂತ ಏಳಿದ್ದ ಷಡಕ್ಷರಿ. ಮಂಗಳವಾರ, ಆಸ್ಪತ್ರೆ ಬುಟ್ಟು ಬರವಾಗ. ನೀನು ಔಸ್ದಿ ತರಕ್ಕ ಓಗಿದ್ದಲ್ಲ... ಏಳನ ಅನ್ಕಂಡಿ, ನಂಗ ಮರ್ತೇ ಓಯ್ತು.”

ಭಾನುವಿನ ಕೈಯ ಪೆನ್ನು ನಿಂತಿತು. ಯಂತ್ರದಿಂದ ಎದ್ದು ಬಂದ ದಿನ ಅವ್ವನಿಗೆ ತನ್ನ ಹೆಸರೇ ಅರ್ಧ ನೆನಪಿರುತ್ತಿತ್ತು. ಪಕ್ಕದ ಮನೆಯ ಶಿವಮಲ್ಲಮ್ಮನನ್ನು ಕೇಳಿದಳು. ಹೌದು, ಐದಕ್ಕೆ ಸರಿಯಾಗಿ ಒಂದು ಜೀಪು ಹಿಂದಿನ ಓಣಿಯಿಂದ ಬಂದು ಹಾರನ್ ಹೊಡೆದು, ಬೀಗ ನೋಡಿ ತಿರುಗಿಸಿಕೊಂಡು ಹೋಯಿತಂತೆ.

ಅವನು ಮರೆತಿರಲಿಲ್ಲ. ಯಾರನ್ನೂ ನೆಚ್ಚದೆ ಬೀಗ ಹಾಕಿದವಳು ತಾನೇ.

ಆದರೆ ಆ ಹದಿನಾಲ್ಕು? ಗೋಡೆಗೆ ಒರಗಿದ್ದ ಆ ಸೀಟು? ಅದನ್ನಂತೂ ಅವಳು ಕಣ್ಣಾರೆ ಕಂಡಿದ್ದಳು. ನಂಬರನ್ನು ಬ್ಲಾಕಿನಿಂದ ತೆಗೆದಳು. ಫೋನು ಮಾಡಲಿಲ್ಲ. ಇಡೀ ಸೋಮವಾರ ಫೋನು ಜಗಲಿಯ ಮೇಲೆ ಸುಮ್ಮನೆ ಬಿದ್ದಿತ್ತು.

*

ಮಂಗಳವಾರ ಐದಕ್ಕೆ ಹದಿನೈದು ನಿಮಿಷ. ಬೀಗ ಹಾಕಿ ತಿರುಗಿದಾಗ ಬಿಳಿ ಕಾರು ಆಗಲೇ ಬಾಗಿಲಲ್ಲಿ ನಿಂತಿತ್ತು.

ಷಡಕ್ಷರಿ ಹೊರಗೆ ನಿಂತಿದ್ದ. ಕಣ್ಣುಗಳು ಕೆಂಪಾಗಿದ್ದವು. ಅವನು ಅವಳ ಕಡೆ ನೋಡದೆ ಹಿಂದಿನ ಬಾಗಿಲು ತೆರೆದ. ಸೀಟು ಅದರ ಜಾಗದಲ್ಲಿತ್ತು. ಮೇಲೆ ಒಗೆದ ದುಪ್ಪಟಿ ಹಾಸಿತ್ತು.

ಗುರುಲಿಂಗಮ್ಮ ಬಾನೆಟ್ ಹತ್ತಿರ ಹೋಗಿ ಬಗ್ಗಿ ನೋಡಿದಳು.

“ಓದ ವಾರದ್ದೇ ಅದಲ್ಲಾ! ಒರಸ್ನಿಲ್ವಾ ಮಗ?”

“ಇಲ್ಲ ದೊಡ್ಡವ್ವ.”

ಅವಳು ಹಳೆಯ ಗೆರೆಗಳ ಮೇಲೆಯೇ ಹೊಸದಾಗಿ ಎಳೆದು ಒಳಗೆ ಕುಳಿತಳು.

ಜೀಪಿನ ವಿಷಯ ತನಗೆ ಗೊತ್ತಾಯಿತೆಂದು ಭಾನು ಮೆಲ್ಲನೆ ಹೇಳಿದಳು. ತಪ್ಪು ತನ್ನದು ಎಂದಳು.

“ಅದಷ್ಟೇ ನಿಮ್ ತಪ್ಪು. ಮಿಕ್ಕಿದ್ದು ನಂದೇ. ನಿಮ್ಗ ಏಳಕ್ಕ ದೈರ್ಯ ಸಾಲ್ದ ದೊಡ್ಡವ್ವಗ ಏಳ್ದಿ,” ಎಂದ ಅವನು. ಕೊಯಮತ್ತೂರಿನ ಒಬ್ಬ ಶೆಡ್ಡಿನವನು ಕಾರನ್ನು ಪೂರ್ತಿ ಬಿಚ್ಚಿ ಬೋಳು ಮಾಡು, ಟರ್ಬೊ ಕೂರಿಸಿಕೊಡುತ್ತೇನೆ, ಹದಿನಾಲ್ಕು ಗ್ಯಾರಂಟಿ ಎಂದು ಆಸೆ ಹುಟ್ಟಿಸಿದ್ದನಂತೆ. ಅದನ್ನು ಮಾತಾಡಲೆಂದೇ ಶುಕ್ರವಾರ ಅಲ್ಲಿಗೆ ಹೋದದ್ದು. ಸೀಟು ಬಿಚ್ಚಿದ್ದೂ ನಿಜ, ಅವಳ ಸಾಲು ಒರೆಸಿದ್ದೂ ನಿಜ.

“ಸನಿವಾರ ಬಂದು ಗೋಡ ನೋಡ್ದಿ. ಜೀಪೂ ವಾಪಸ್ ಬಂದಿತ್ತು ಅಂತ ಆಗ್ಲೇ ಗೊತ್ತಾಗಿದ್ದು. ಬಸ್ಸಲ್ಲಿ ದೊಡ್ಡವ್ವ ನೆಲದ ಮ್ಯಾಲ ಕೂತಿದ್ಲು ಅಂತ ಟೀ ಅಂಗ್ಡೀಲಿ ಏಳುದ್ರು.” ಅವನು ಹಿಂದಿನ ಬಾಗಿಲನ್ನು ಮೆಲ್ಲಗೆ ಮುಚ್ಚಿದ. “ಅವತ್ತೇ ಸೀಟ್ ಆಕ್ದಿ. ಟರ್ಬೊ ಬ್ಯಾಡ ಅಂದಿ.”

“ರೇಸು?”

ಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟ. ಎಣ್ಣೆಯ ಬೆರಳಚ್ಚಿನ ನಡುವೆ ಸಣ್ಣ ಅಂಕಿ. 17.86.

ಹಿಂದಿನ ಸೀಟು ಇಟ್ಟುಕೊಂಡು ರೇಸಿಗೆ ಬಂದವನನ್ನು ನೋಡಿ ಅಲ್ಲಿ ಎಲ್ಲರೂ ನಕ್ಕರಂತೆ. ಅವನ ಗುಂಪಿನಲ್ಲಿ ಕೊನೆಯಿಂದ ಎರಡನೆಯವನು. ಹದಿನಾಲ್ಕಕ್ಕೆಂದು ಬಂದಿದ್ದ ಇನ್ನೊಂದು ಹಳೆಯ ಕಾರು ಎರಡನೇ ಓಟಕ್ಕೆ ಗೇರ್‌ಬಾಕ್ಸ್ ಒಡೆದುಕೊಂಡು ಲಾರಿಯ ಮೇಲೆ ಊರಿಗೆ ಹೋಯಿತು. ಇವನು ಮಾತ್ರ ಅದೇ ಕಾರನ್ನು ಓಡಿಸಿಕೊಂಡು, ಇಪ್ಪತ್ತೇಳು ತಿರುವು ಹತ್ತಿ, ಬೆಳಕಿರುವಾಗಲೇ ತಾಳವಾಡಿ ಸೇರಿದ.

“ಒಂದ್ ಚೂರು ತಪ್ತು, ಟೀಚರ್. ನಿಮ್ ಲೆಕ್ಕದಲ್ಲಿ ಒಂದು ಬುಟ್ಟೋಗಿತ್ತು.”

“ಏನು?”

“ಬಾನೆಟ್ ಮ್ಯಾಲ ದೊಡ್ಡವ್ವ ಎಳ್ದ ಈಬತ್ತಿ ತೂಕ ಆಕಿರಲಿಲ್ಲ ನೀವು.”

ನಗು ಎಲ್ಲಿಂದ ಬಂತೋ ಅವಳಿಗೆ ತಿಳಿಯಲಿಲ್ಲ. ಎಷ್ಟೋ ದಿನದಿಂದ ಬಳಸದ ನಗು, ಬರುತ್ತಲೇ ಕಣ್ಣೀರಾಯಿತು. ಸೆರಗಿನಿಂದ ಮುಖ ಒತ್ತಿಕೊಂಡಳು.

ಅವನು ಹತ್ತಿರ ಬರಲಿಲ್ಲ. ಕಾರಿಗೆ ಒರಗಿ, ನೆಲ ನೋಡುತ್ತ ಹೇಳಿದ.

“ನಂಗ ನೀವಂದ್ರ ಇಷ್ಟ, ಭಾನು. ಜೀವ ಇರಗಂಟ ಅಂಗ್ ನೋಡ್ಕತೀನಿ, ಇಂಗ್ ನೋಡ್ಕತೀನಿ ಅಂತ ಏಳಕ್ಕಿಲ್ಲ. ಅದ ಅಳ್ದು ನೋಡಿಲ್ಲ ನಾನು. ಮಂಗಳವಾರ ಬತ್ತೀನಿ. ಸುಕ್ರಾರ ಬತ್ತೀನಿ. ಅಷ್ಟು ನನ್ ಕೈಲಿ ಆಯ್ತದ, ಅದು ಗೊತ್ತು.”

ಅವಳು ಚೀಟಿಯನ್ನು ಮಡಚಿ ನೋಟ್ ಪುಸ್ತಕದೊಳಗೆ ಇಟ್ಟಳು. ಯಾರೂ ಇಷ್ಟು ಚಿಕ್ಕ ಮಾತನ್ನು ಅವಳಿಗೆ ಕೊಟ್ಟಿರಲಿಲ್ಲ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಎಲ್ಲೂ ಬಿರುಕು ಕಾಣಲಿಲ್ಲ.

“ಭಾನುವಾರ ಏನ್ ಮಾಡ್ತೀರಿ?” ಎಂದು ಕೇಳಿದಳು.

“ಭಾನುವಾರ...” ಅವನು ತಲೆ ಎತ್ತಿದ. “ಇನ್ನೇನ್ ಕೆಲಸ? ಶೆಡ್ಡು ಬಾಗ್ಲು ಆಕಿರ‍್ತೀನಿ.”

“ಊಟಕ್ಕ ಬನ್ನಿ. ಅವ್ವನ ಮುಂದ ಒಂದ್ ಮಾತು ಕೇಳಿ.”

ಅವಳು ಎಂದಿನಂತೆ ಹಿಂದಿನ ಬಾಗಿಲಿಗೆ ಕೈ ಹಾಕಿದಳು. ಒಳಗೆ ಗುರುಲಿಂಗಮ್ಮ ಕಣ್ಣು ಮುಚ್ಚಿಕೊಂಡೇ ಇಡೀ ಸೀಟಿಗೆ ಅಡ್ಡಲಾಗಿ ಕಾಲು ಚಾಚಿದ್ದಳು.

“ಅವ್ವ, ಸರ‍್ಕೊ.”

“ಮುಂದ ಓಗಿ ಕೂತ್ಕ ಕೂಸೇ. ನಂಗ ಕಾಲು ನೋಯ್ತದ. ನೀವ್ ಮಾತಾಡದು ನಂಗೇನೂ ಕೇಳ್ನಿಲ್ಲ.”

ಭಾನು ಮೊದಲ ಸಲ ಮುಂದೆ ಕುಳಿತಳು. ರೇಸಿಗೆಂದು ಬಿಚ್ಚಿ ಮತ್ತೆ ಕೂರಿಸಿದ ಸೀಟು ಸಣ್ಣಗೆ ಅಲುಗಾಡಿತು. ಸಂಜೆ ಸರಿಮಾಡುತ್ತೇನೆ ಎಂದ ಅವನು. ಪರವಾಗಿಲ್ಲ ಎಂದಳು. ಇನ್ನು ಕನ್ನಡಿಯಲ್ಲಿ ನೋಡಬೇಕಾಗಿರಲಿಲ್ಲ. ಕಾರು ತಾಳಮಲೆಯ ಕಡೆ ತಿರುಗಿತು.

“ಎಷ್ಟ್ ಒತ್ಗ ಸೇರ್ಬೇಕು ಟೀಚರ್, ಏಳಿ?”

ಅವಳು ಸೀಟಿಗೆ ತಲೆ ಒರಗಿಸಿದಳು. ಎರಡು ವರ್ಷದಲ್ಲಿ ಮೊದಲ ಸಲ ಅವಳ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

“ನನ್ ನಿದ್ದ ಕೆಡದಂಗ ಹೋದ್ರ ಸಾಕು.”

“ಆಯ್ತದ,” ಎಂದ ಅವನು. “ಅಷ್ಟು ಆಯ್ತದ.”