ಶಿವದೇವಮ್ಮನ ಒಪ್ಪಿಗೆ

ಕಾರ್ಖಾನೆಯ ಒಡೆಯ ಸಿದ್ದರಾಮಪ್ಪ ಸಾಯುವ ಮುಂಚೆ ಬಾಯಿ ತುಂಬ ಹೇಳಿದ್ದರು: "ಶರಣ, ಈ ಕಾರ್ಖಾನಿಯೊಳಗ ನಿಂದೂ ಒಂದು ಪಾಲು ಐತಿ." ಪಾಲು ಮಾತಿನಲ್ಲೇ ಉಳಿಯಿತು. ಸನತ್‌ನಗರದ ತಗಡಿನ ಶೆಡ್ಡೊಂದು ಕ್ಷಿಪಣಿಗಳಿಗೆ ಕವಾಟ ಮಾಡುವ ಕಂಪನಿಯಾದದ್ದು ಲೆಕ್ಕಪತ್ರ ನೋಡುವ ಶರಣಕುಮಾರ ಕಚೇರಿ ಕಚೇರಿ ಅಲೆದು ತಂದ ಪರವಾನಗಿಗಳಿಂದ. ಷೇರುಗಳು ಮಾತ್ರ ಅರ್ಧ ವಿಧವೆ ಶಿವದೇವಮ್ಮನಿಗೆ, ಅರ್ಧ ಮಗ ರಾಹುಲನಿಗೆ ಹೋದವು. ಇವನಿಗೆ ಸಿಕ್ಕಿದ್ದು ದೀಪಾವಳಿಗೊಂದು ಸಫಾರಿ ಬಟ್ಟೆ. ಅದೂ ಭುಜದಲ್ಲಿ ಬಿಗಿ.

ಈಗ ವಿದೇಶದ ಶಸ್ತ್ರಾಸ್ತ್ರ ಕಂಪನಿಯೊಂದು ಕಾರ್ಖಾನೆಯನ್ನೇ ಕೊಳ್ಳುತ್ತಿತ್ತು. ಅವರು ಬಂದರೆ ಲೆಕ್ಕಪತ್ರಕ್ಕೆ ಅವರದೇ ಜನ ಬರುತ್ತಾರೆ. ದಿಲ್‌ಸುಖ್‌ನಗರದ ಬಾಡಿಗೆ ಮನೆಯಲ್ಲಿ ಕೂತು ಈ ವಯಸ್ಸಿಗೆ ಹೊಸ ಕೆಲಸ ಹುಡುಕುವುದೆಂದರೆ ಮುಗಿಯಿತು ಎಂದೇ ಅರ್ಥ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ದಾರಿ ತೋರಿಸಿದ್ದು ಕಾನೂನೇ. ಆ ಕಂಪನಿ ತನ್ನ ದೇಶದ ಸರ್ಕಾರದಲ್ಲಿ ನೋಂದಣಿಯಾದದ್ದು. ಹೊರದೇಶದ ಕಾರ್ಖಾನೆ ಕೊಳ್ಳುವ ಮುನ್ನ ಅದರ ಒಡೆಯರು ಯಾರೆಂದು ಅಲ್ಲಿ ತಿಳಿಸಲೇಬೇಕು. ಅದಕ್ಕಾಗಿ ಅವರ ವಕೀಲೆ ಐಶ್ವರ್ಯಾ, ಬೀದರಿನ ಹುಡುಗಿ, ಒಡೆಯರನ್ನು ಒಬ್ಬೊಬ್ಬರನ್ನಾಗಿ ಫೋನಿನಲ್ಲಿ ಮಾತಾಡಿಸಿ ದನಿ ದಾಖಲಿಸಿಕೊಳ್ಳುತ್ತಿದ್ದಳು. ನಡುವೆ ಷೇರು ಕೈ ಬದಲಾದರೆ ಮತ್ತೊಮ್ಮೆ ಮಾತಾಡಿಸುತ್ತಾಳೆ, ಅಷ್ಟೆ. ಕಾನೂನು ಚಾಪೆ ಕೆಳಗೆ ತೂರಿದರೆ ಶರಣಕುಮಾರ ರಂಗೋಲಿ ಕೆಳಗೆ ತೂರುವವನು.

ಶಿವದೇವಮ್ಮನ ಡಿಜಿಟಲ್ ಸಹಿಯ ಪೆನ್‌ಡ್ರೈವ್ ಮೊದಲಿನಿಂದಲೂ ಅವನ ಡ್ರಾಯರಿನಲ್ಲೇ ಇತ್ತು. ತನ್ನ ಷೇರುಗಳನ್ನೆಲ್ಲ ಆಕೆ ಶರಣಕುಮಾರನಿಗೆ ದಾನ ಕೊಟ್ಟಂತೆ ಪತ್ರವಾಯಿತು; ಮಾರಾಟದ ಅರ್ಧ ಹಣ ಇನ್ನು ಅವನದೇ. ಕಂಪನಿಯ ಪರವಾಗಿ ಸಹಿ ಹಾಕಬೇಕಿದ್ದ ರಾಹುಲ ಓದದೆ ಸಹಿ ಹಾಕುವ ಪೈಕಿ, ಹಾಕಿದ. ಕಂಪನಿಯ ದಾಖಲೆಯಲ್ಲಿ ಆಕೆಯ ಫೋನ್ ನಂಬರು ಹೋಗಿ ಹೊಸದೊಂದು ಬಂತು. ಆ ಫೋನು ಶರಣಕುಮಾರನ ಜೇಬಿನಲ್ಲಿತ್ತು. ನಾಳೆ ಆಕೆ ಬಾಯಿ ಬಡಿದುಕೊಂಡರೂ, ವಕೀಲರ ಬಳಿಯೇ ಒಪ್ಪಿಗೆಯ ದನಿ ಇರುವಾಗ ಮರೆವಿನ ಮುದುಕಿಯನ್ನು ಯಾರು ನಂಬುತ್ತಾರೆ?

ಬೇಕಿದ್ದದ್ದು ಆ ದನಿಯೊಂದೇ. ಶಂಶಾಬಾದಿನಲ್ಲಿ ಕಟ್ಟಡದ ಕೆಲಸ ಮಾಡುವ ರಾಯಚೂರು ಕಡೆಯ ಪಾರ್ವತೆಮ್ಮನಲ್ಲಿ ಅದು ಸಿಕ್ಕಿತು. ಅದೇ ಎಳೆದು ಆಡುವ ಮಾತು, ಅದೇ ಕೆಮ್ಮು.

"ನಮ್ಮ ಅಮ್ಮಾರಿಗೆ ಕಿವಿ ಕೇಳಂಗಿಲ್ಲ. ಅವರ ಬದ್ಲಿ ನೀ ಮಾತಾಡು. ಕಾರ್ಖಾನಿ ಕ್ಯಾಂಟೀನಿನಾಗ ಕೆಲಸ ಕೊಡಸ್ತೀನಿ," ಎಂದ.

"ತಪ್ಪೇನಿಲ್ಲ ಹೌದಲ್ರೀ ಯಪ್ಪಾ?"

"ಏನೂ ಇಲ್ಲ. ಹೇಳಿದಷ್ಟ ಹೇಳು."

ಇಟ್ಟಿಗೆ ಹೊರುವುದು ತಪ್ಪುತ್ತದೆಂದು ಆಕೆಯ ಮುಖ ಅರಳಿದಾಗ ಅವನಿಗೆ ಒಂದು ಗಳಿಗೆ ಪಾಪವೆನಿಸಿತು. ಆದರೆ ತನಗಾಗಿ ಪಾಪವೆಂದವರು ಯಾರಿದ್ದರು?

ಐಶ್ವರ್ಯಾ ಕೇಳುವ ಪ್ರಶ್ನೆಗಳೆಲ್ಲ ಅವನಿಗೆ ಬಾಯಿಪಾಠ. ಮೊದಲ ಸಲ ಶಿವದೇವಮ್ಮನಿಗೆ ಫೋನ್ ಬಂದಾಗ ಪಕ್ಕದಲ್ಲೇ ಕೂತಿದ್ದನಲ್ಲ. ಹುಟ್ಟಿದೂರು, ಮನೆಯ ವಿಳಾಸ, ಮಗನ ಹೆಸರು, ಗಂಡನ ಹೆಸರು, ಒಂದೂ ಬಿಡದೆ ಪಾರ್ವತೆಮ್ಮನಿಗೆ ಗಿಳಿಪಾಠ ಮಾಡಿಸಿದ. ಎಲ್ಲಿಯೂ ತಡವರಿಸಬಾರದು ಎಂದು ತಾಕೀತು ಮಾಡಿದ.

ಫೋನ್ ಬಂತು. ಸ್ಪೀಕರ್ ಹಾಕಿ ಪಾರ್ವತೆಮ್ಮನ ಕೈಗೆ ಕೊಟ್ಟ. ಊರು ಸರಿಯಾಯಿತು, ವಿಳಾಸ ಸರಿಯಾಯಿತು, ಷೇರು ಕೊಟ್ಟದ್ದಕ್ಕೆ "ಹೂನ್ರಿ, ನಾನ ಖುಷಿಲಿಂದ ಕೊಟ್ಟೀನಿ" ಎಂಬುದೂ ಅಚ್ಚುಕಟ್ಟಾಗಿ ಬಂತು. ಶರಣಕುಮಾರ ಎಷ್ಟೋ ವರ್ಷಗಳ ಮೇಲೆ ಬೆನ್ನು ಕುರ್ಚಿಗೆ ಒರಗಿಸಿದ. "ಯಜಮಾನರ ಹೆಸರೇನ್ರಿ ಅಮ್ಮಾ?" ಎಂದಳು ಐಶ್ವರ್ಯಾ. "ಸಿದ್ದರಾಮಪ್ಪ ರೀ," ಎಂದಳು ಪಾರ್ವತೆಮ್ಮ, ಸ್ವಲ್ಪವೂ ತಡವರಿಸದೆ. ಐಶ್ವರ್ಯಾ ಮೆಲ್ಲಗೆ ಹೇಳಿದಳು: "ಹೋದ ಸಲ ಇದ ಪ್ರಶ್ನೆ ಕೇಳಿದಾಗ ಶಿವದೇವಮ್ಮಾರು ಭಾಳ ನಾಚಿದ್ರು. ಗಂಡನ ಹೆಸರು ಇವತ್ತಿನ ತನಕ ಬಾಯಾಗ ತಂದಿಲ್ಲ, ಸತ್ತ ಮ್ಯಾಲೂ ತರಂಗಿಲ್ಲ ಅಂದ್ರು. ಅವರ ಬದ್ಲಿ ಹೆಸರು ಹೇಳಿದವರು ಶರಣಕುಮಾರ ಸರ್. ರೆಕಾರ್ಡಿನಾಗ ಅವರ ದನಿ ಐತಿ. ಅಲ್ಲೇ ಕುಂತಿರಬೇಕಲ್ಲ, ಅವರಿಗೆ ಫೋನ್ ಕೊಡ್ರಿ." ಪಾರ್ವತೆಮ್ಮ ಹೇಳಿದಷ್ಟು ಮಾಡುವ ಹೆಂಗಸು, ಫೋನನ್ನು ಅವನ ಕೈಗಿಟ್ಟಳು.