ಫರ್ಸಿಯ ಕೆಳಗೆ ಸಿಕ್ಕ ರಿವಾಲ್ವರ್

ಆಳು ಚನ್ನು ಹಾರೆ ಹಾಕಿ ನೆಲದ ಫರ್ಸಿ ಕಲ್ಲು ಎತ್ತಿದ. ಕೆಳಗೊಂದು ಬಟ್ಟೆಯ ಗಂಟು. ಬಿಚ್ಚಿದರೆ ತುಕ್ಕು ಹಿಡಿದ ರಿವಾಲ್ವರ್.

ಅದು ಶಹಾಬಾದಿನ ತಾಜುನ್ನಿಸಾ ಟೀಚರ್ ಮನೆ. ನಿವೃತ್ತರಾದ ಮೇಲೆ ಪಡಸಾಲೆಯ ಒಡೆದ ಕಲ್ಲು ತೆಗೆಸಿ ಹೊಸದು ಹಾಸಿಸುತ್ತಿದ್ದರು. ಕಲ್ಲು ಕೊಟ್ಟವನೂ ಆಳು ಕಳಿಸಿದವನೂ ಪಕ್ಕದ ಕಲ್ಲು ಪಾಲಿಶ್ ಕಾರ್ಖಾನೆಯ ಮಾಲೀಕ ಲಕ್ಷ್ಮಿಕಾಂತ.

ಪಿಎಸ್‌ಐ ಭುವನೇಶ್ವರಿ ಬರುವಷ್ಟರಲ್ಲಿ ಓಣಿಯವರು ತೀರ್ಪು ಕೊಟ್ಟಾಗಿತ್ತು. ಗಡಿಗೆಯ ಬಾಯಿ ಮುಚ್ಚಬಹುದು, ಊರಿನ ಬಾಯಿ ಮುಚ್ಚಲಾದೀತೇ? ಇದು ಟೀಚರ ತಂದೆ ಬಂದೇಅಲಿಯದು, ನಿಜಾಮನ ರಜಾಕಾರರ ಗಲಾಟೆಯಲ್ಲಿ ಎದುರುಮನೆಯ ಬಸವಂತರಾಯರ ತಂದೆಗೆ ಗುಂಡು ಬಿದ್ದದ್ದು ಇದರಿಂದಲೇ ಎಂದು ಜನ ಆಡಿಕೊಳ್ಳುತ್ತಿದ್ದರು.

ಆದರೆ ಆ ಎರಡು ಮನೆಗಳ ನಂಟು ಬೇರೆಯೇ ಇತ್ತು. ೧೯೪೮ರ ಆ ದಿನಗಳಲ್ಲಿ ಬಸವಂತರಾಯರ ಬಸುರಿ ತಾಯಿಯನ್ನು ಬಚ್ಚಿಟ್ಟು ಕಾಪಾಡಿದ್ದು ಇದೇ ಬಂದೇಅಲಿ. ಬಸವಂತರಾಯರು ಹುಟ್ಟಿದ್ದೂ ಇದೇ ಮನೆಯಲ್ಲಿ. ತಂದೆಯನ್ನು ಕೊಂದವರು ಯಾರೆಂಬುದು ಮಾತ್ರ ಎಂದೂ ಬಯಲಾಗಲಿಲ್ಲ.

ಭುವನೇಶ್ವರಿ ಎದುರುಮನೆಗೆ ಹೋದಳು. ಬಸವಂತರಾಯರು ಕಟ್ಟೆಯ ಮೇಲೆ ಟೀಚರ ಮನೆಗೆ ಬೆನ್ನು ತಿರುಗಿಸಿ ಕೂತಿದ್ದರು.

“ಅವರ ಮನಿ ಉಪ್ಪು ತಿಂದು ಬೆಳದೀನ್ರೀ ಮೇಡಂ. ಈಗ ಆ ಉಪ್ಪು ಗಂಟಲ್ದಾಗ ನಿಂತದ. ಖರೆ ಏನದ, ಅದಷ್ಟ ಹೇಳ್ರಿ.”

* * *

ಠಾಣೆಯ ಮೇಜಿನ ಮೇಲೆ ಹಳೇ ಪೇಪರ್ ಹಾಸಿ ಅವಳು ರಿವಾಲ್ವರ್ ಇಟ್ಟಳು. ಈ ಹುದ್ದೆಗೆ ಬರುವ ಮೊದಲು ಕಲಬುರಗಿಯಲ್ಲಿ ಪೊಲೀಸ್ ಶಸ್ತ್ರಾಗಾರ ನೋಡಿಕೊಂಡವಳು. ಬಂದೂಕು ಕಂಡರೆ ಅದರ ಕುಲಗೋತ್ರ ಕೇಳುವ ಚಟ ಆಗ ಹತ್ತಿದ್ದು.

ಮೊದಲ ನೋಟಕ್ಕೇ ಬೇಜಾರಾಯಿತು. ನಡುವೆ ಮಡಚಿ ತೆರೆಯುವಂಥದ್ದು. ಅಪ್ಪಟ ಇಂಗ್ಲಿಷರ ಕಾಲದ ಮಾಟ. ಮೇಲೆ ಹೆಸರಿಲ್ಲ, ನಂಬರಿಲ್ಲ. ಜನ ಅಂದದ್ದೇ ನಿಜವೇನೋ ಅಂದುಕೊಂಡಳು.

ಆದರೆ ಆ ಕಾಲದ ಸೈನ್ಯದವರು, ಪೊಲೀಸರು ಬಳಸುತ್ತಿದ್ದ ದಪ್ಪ ಗುಂಡು ಇದರ ತೂತಿಗೆ ಹಿಡಿಸಲಿಲ್ಲ. ಈಗ ಲೈಸೆನ್ಸಿನವರು ಇಟ್ಟುಕೊಳ್ಳುವ ಸಣ್ಣ ಗುಂಡು ಸಲೀಸಾಗಿ ಕೂತಿತು. ನಳಿಗೆಗೆ ಕಡ್ಡಿ ಹಾಕಿ ಕೆದರಿದಳು. ಬೂದುಬಣ್ಣದ ನುಣ್ಣನೆಯ ಪುಡಿ ಉದುರಿತು. ಬೆರಳಿನಲ್ಲಿ ತಿಕ್ಕಿ ನೋಡಿ ನಕ್ಕಳು. ಅವಳ ಅಪ್ಪ ಶಹಾಬಾದಿನಲ್ಲೇ ಪಾಲಿಶ್ ಮಷೀನು ನಡೆಸಿದವನು. ದಿನಾ ಸಂಜೆ ಅವನ ಬಟ್ಟೆ ಒಗೆದವಳಿಗೆ ಈ ಪುಡಿ ಹೊಸದೇನಲ್ಲ.

ಕೊನೆಗೆ ಹಿಡಿಯ ಮರದ ಪಟ್ಟಿಗಳನ್ನು ಬಿಚ್ಚಿದಳು. ಅಲ್ಲಿ ತುಕ್ಕು ಮುಟ್ಟಿರಲಿಲ್ಲ.

* * *

ಮರುದಿನ ಚನ್ನುವನ್ನು ಕರೆಸಿದಳು. ಪಾಪದ ಮನುಷ್ಯ, ಹೆದರಿ ಕೈಕಟ್ಟಿ ನಿಂತ.

“ಆ ಕಲ್ಲು ಗಟ್ಟಿ ಕೂತಿತ್ತೇನು?”

“ಇಲ್ರೀ. ಉಳಿದವು ಭಾಳ ಕಾಡಿದ್ವು. ಅದು ಮೊದಲೇ ಸಡಲಿತ್ತು.”

“ಅಲ್ಲಿಂದನೇ ಯಾಕ ಶುರು ಮಾಡ್ದಿ?”

“ಸಾವಕಾರ್ರು ಅಂದಿದ್ರು. ಹಿಂದಿನ ದಿನ ಒಬ್ಬರೇ ಬಂದು ಅಳತಿ ಮಾಡ್ಕೊಂಡು ಹೋಗಿದ್ರು.”

* * *

ಸಂಜೆ ಠಾಣೆಗೆ ಲಕ್ಷ್ಮಿಕಾಂತನೂ ಬಂದ, ಬಸವಂತರಾಯರೂ ಬಂದರು. ಚಹಾ ತರಿಸಿ, ಭುವನೇಶ್ವರಿ ನಿಧಾನವಾಗಿ ಮಾತು ತೆಗೆದಳು.

“ಲಕ್ಷ್ಮಿಕಾಂತ್ ಅವರ, ನಿಮ್ಮ ಲೈಸೆನ್ಸಿನ ರಿವಾಲ್ವರ್ ಎಲ್ಲದ?”

“ಕಳದದ್ರೀ. ಇಲೆಕ್ಷನ್ ಟೈಮಿಗೆ ಬಂದೂಕು ಜಮಾ ಮಾಡ್ರಿ ಅಂದಾಗೇ ಠಾಣೆಗೆ ಬರಕೊಟ್ಟೀನಲ್ಲ.”

“ಸಿಕ್ಕದ. ಹೊರಗಿನ ನಂಬರ್ ತಿಕ್ಕಿ ಅಳಿಸೀರಿ. ಹಿಡಿಕಿ ಮರದ ಪಟ್ಟಿ ಕೆಳಗಿಂದು ಹಾಂಗೇ ಅದ. ನಿಮ್ಮ ಲೈಸೆನ್ಸಿನ ನಂಬರೇ.”

ಆಮೇಲೆ ಬಸವಂತರಾಯರ ಕಡೆ ತಿರುಗಿ ಬಿಡಿಸಿ ಹೇಳಿದಳು. ನಂಬರಿನ ಪಕ್ಕದಲ್ಲಿ ನಾಲ್ಕು ಸಿಂಹದ ಮುದ್ರೆಯಿದೆ. ಅದು ಬಂದದ್ದೇ ಗಣರಾಜ್ಯವಾದ ಮೇಲೆ. ಇಂಗ್ಲಿಷರ ಮಾಟವನ್ನೇ ಇಟ್ಟುಕೊಂಡು ಕಾನ್ಪುರದ ಸರ್ಕಾರಿ ಕಾರ್ಖಾನೆ ಈ ಸಣ್ಣ ಗುಂಡಿನ ರಿವಾಲ್ವರ್ ಮಾಡತೊಡಗಿದ್ದು ತೊಂಬತ್ತರ ದಶಕದಲ್ಲಿ. ಬಂದೇಅಲಿ ತೀರಿಕೊಂಡದ್ದು ಎಂಬತ್ತೈದರಲ್ಲಿ. ತುಕ್ಕು ಹಿಡಿಯಲೆಂದು ಇದನ್ನು ಪಾಲಿಶ್ ಕಾರ್ಖಾನೆಯ ಕೆಸರುಗುಂಡಿಯಲ್ಲಿ ನೆನೆಹಾಕಿದ್ದಾರೆ. ನಳಿಗೆಯಲ್ಲಿ ಅದೇ ಕಲ್ಲಿನ ಕೆಸರು. ಪಡಸಾಲೆಯ ಕಲ್ಲಿನ ಕೆಳಗಿರುವುದು ಬರೀ ಕೆಂಪು ಮೊರಮು ಮಣ್ಣು.

ಲಕ್ಷ್ಮಿಕಾಂತನ ಚಹಾ ಆರಿತು. ಕಾರ್ಖಾನೆ ದೊಡ್ಡದು ಮಾಡಲು ಅವನಿಗೆ ಆ ಮನೆ ಬೇಕಿತ್ತು. ಕೇಳಿದಾಗಲೆಲ್ಲ ಟೀಚರು ‘ಅಣ್ಣಾರ್ನ ಕೇಳ್ತೀನಿ’ ಅನ್ನುತ್ತಿದ್ದರು. ಅಣ್ಣ ಬಸವಂತರಾಯರು ಬೇಡ ಅನ್ನುತ್ತಿದ್ದರು. ಈ ಎರಡು ಮನೆಯ ನಂಟು ಒಡೆದರೆ ಆಕೆ ತಾನಾಗಿ ಮಾರಿ ಊರು ಬಿಡುತ್ತಾಳೆ ಎಂದು ಲೆಕ್ಕ ಹಾಕಿದ್ದ. ಎಲ್ಲ ಒಪ್ಪಿಕೊಂಡು ಸಣ್ಣ ದನಿಯಲ್ಲಿ ಅಂದ: “ನಾ ಯಾರಿಗೂ ಕೊಂದಿಲ್ಲಲ್ರೀ.”

ಭುವನೇಶ್ವರಿಗೆ ಆಗ ಸಿಟ್ಟು ಬಂತು. “ಸತ್ತ ಮನಷ್ಯಾಗ ಕೊಲೆಗಾರ ಮಾಡೀರಿ. ಅದಕ್ಕ ಯಾವ ಕಲಂ ಹಚ್ಚಲಿ?”

* * *

ಬಸವಂತರಾಯರು ತಾಜುನ್ನಿಸಾ ಅವರ ಬಾಗಿಲಿಗೆ ಬಂದು ಹೊಸ್ತಿಲ ಹೊರಗೇ ನಿಂತರು. ಹುಟ್ಟಿದ ಮನೆಗೆ ಕಾಲಿಡಲು ನಾಚಿಕೆ. ಭುವನೇಶ್ವರಿ ಹಿಂದೆಯೇ ಇದ್ದಳು. ನಡೆದದ್ದನ್ನೆಲ್ಲ ಅವಳೇ ಹೇಳಿದಳು.

“ನಾ ನಂಬಿಬಿಟ್ಟಿದ್ನಿ ತಂಗಿ,” ಅಂದರು ಬಸವಂತರಾಯರು. “ನಮ್ಮವ್ವಗ ಕಾಪಾಡ್ದವರ ಮ್ಯಾಲ ಸಂಶಯ ಪಟ್ಟೆ. ನನಗ ಮಾಫ್ ಮಾಡು.”

ತಾಜುನ್ನಿಸಾ ಕೈ ಹಿಡಿದು ಅವರನ್ನು ಒಳಗೆ ಕರೆದುಕೊಂಡರು.

“ನಾನೂ ನಂಬಿದ್ನಿ ಅಣ್ಣಾ,” ಅಂದರು. “ಅಬ್ಬಾನ ಸ್ವಂತ ಮಗಳಾಗಿ ನಂಬಿದ್ನಿ.”

ಇಬ್ಬರೂ ಕಲ್ಲು ಹಾಸದ ಬರೀ ನೆಲದ ಮೇಲೆ ಕೂತು ಅತ್ತರು.